ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಊಡ್ನಡಾಟಾ ಟ್ರ್ಯಾಕ್ ಮುಗಿಸಲು ಆರು ದಿನ ಸಾಕೇ?

ನೀವು ಕೇಳಿರುವುದು ಇಷ್ಟು: ಅಡಿಲೇಡ್‌ನಲ್ಲಿರುವ ಮೂರು ಕನ್ನಡ ಕುಟುಂಬಗಳು, ಮೂರು ಫೋರ್ ವೀಲ್ ಡ್ರೈವ್ ಗಾಡಿಗಳು, ಬಾಡಿಗೆಗೆ ತರುವ ಒಂದು ಕ್ಯಾಂಪರ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ, ಬಿಚ್ಚಿದರೆ ಡೇರೆಯಾಗುವ ಬಂಡಿ). ಜುಲೈ ಶಾಲಾ ರಜೆಯಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮರೀಯಿಂದ ಮಾರ್ಲಾವರೆಗೆ ಹೋಗುವ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣುರಸ್ತೆಯಲ್ಲಿ ಪೂರ್ತಿ ಓಡಿಸಿ ಆರು ದಿನದಲ್ಲಿ ಮನೆ ಸೇರಬೇಕು. ಇದು ಆಗುವ ಮಾತೇ, ಎಂಥ ಟ್ರೇಲರ್ ತರಬೇಕು, ಊಟಕ್ಕೇನು, ದಾರಿ ಬದಿಯ ಉಪ್ಪಿನ ಸರೋವರ ಲೇಕ್ ಏರ್ ನೋಡಲು ಟ್ರೇಲರ್ ಒಯ್ಯಬಹುದೇ?

ಆರೇ ದಿನ ಇರುವುದಾದರೆ ಪೂರ್ತಿ ಟ್ರ್ಯಾಕ್ ಬೇಡ. ಒಂಬತ್ತು ಹತ್ತು ದಿನ ಹೊಂದಿಸಿಕೊಳ್ಳಲು ಆದರೆ ಧೈರ್ಯವಾಗಿ ಹೊರಡಿ. ಅಡಿಲೇಡ್‌ನಿಂದ ಮರೀಗೆ ಸುಮಾರು 685 ಕಿ.ಮೀ., ಅಲ್ಲಿಂದ ಮಾರ್ಲಾವರೆಗಿನ ಮಣ್ಣುರಸ್ತೆ ಸುಮಾರು 620, ಮಾರ್ಲಾದಿಂದ ಸ್ಟುವರ್ಟ್ ಹೆದ್ದಾರಿಯಲ್ಲಿ ವಾಪಸು ಬರಲು ಸಾವಿರಕ್ಕೂ ಹೆಚ್ಚು. ಒಟ್ಟು 2,400ರ ಆಸುಪಾಸು. ಆರರಿಂದ ಭಾಗಿಸಿದರೆ ದಿನಕ್ಕೆ 400, ಕಾಗದದ ಮೇಲೆ ಸಲೀಸು. 2019ರಲ್ಲಿ ನಾವೂ ಇದೇ ಲೆಕ್ಕ ಹಾಕಿ ಹೊರಟಿದ್ದೆವು.

ನಮ್ಮದು ಎರಡು ಗಾಡಿ, ಆರು ಜನ ದೊಡ್ಡವರು, ಮೂವರು ಮಕ್ಕಳು. ಟ್ರೇಲರ್ ನನ್ನ ಗಾಡಿಯ ಹಿಂದಿತ್ತು. ಗೆಳೆಯನೊಬ್ಬ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಲೇಬೇಕಿತ್ತು, ಹಾಗಾಗಿ ಶನಿವಾರ ಸಂಜೆಯೊಳಗೆ ಮಾರ್ಲಾ ಮುಟ್ಟುವ ಆತುರ. ಹಿಂದಿನ ವಾರ ಮಳೆ ಬಿದ್ದು ಕೆಲವು ಹಳ್ಳಗಳಲ್ಲಿ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಗಂಟೆಗಟ್ಟಲೆ ಓಡಿ ಕಾದಿದ್ದ ಚಕ್ರಗಳನ್ನು ನಾನು ನೇರವಾಗಿ ಆ ತಣ್ಣೀರಿಗೆ ಇಳಿಸಿದೆ, ಒಂದಲ್ಲ, ನಾಲ್ಕೈದು ಸಲ. ಬಿಸಿ ಹಬ್ (ಬೇರಿಂಗ್ ಕೂತಿರುವ ಚಕ್ರದ ನಡುಭಾಗ) ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸ್ವಲ್ಪ ಸವೆದಿದ್ದರೂ ಸಾಕು, ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಸೇರಿದ ಗ್ರೀಸ್ ನಿಲ್ಲುವುದಿಲ್ಲ. ಹಳೇ ರೈಲಿನ ಆಲ್ಜಬಕಿನಾ ಸೇತುವೆ ಇನ್ನೇನು ಕಾಣಬೇಕು ಅನ್ನುವಾಗ ಹಿಂದಿನ ಗಾಡಿಯಿಂದ ರೇಡಿಯೋದಲ್ಲಿ ಕೂಗು ಬಂತು: "ಅಣ್ಣಾ, ನಿಲ್ಲಿಸಿ, ಎಡಗಡೆ ಚಕ್ರ ವಾಲಾಡ್ತಿದೆ." ಇಳಿದು ನೋಡಿದರೆ ಸುಟ್ಟ ಗ್ರೀಸಿನ ವಾಸನೆ. ಬೇರಿಂಗ್ ಪುಡಿಯಾಗಿತ್ತು.

ನಾವು ಹೆಚ್ಚುವರಿ ಟೈರ್ ಒಯ್ದಿದ್ದೆವು, ಬೇರಿಂಗ್ ಒಯ್ದಿರಲಿಲ್ಲ. ಗೆಳೆಯ ಇನ್ನೊಂದು ಗಾಡಿಯಲ್ಲಿ ಐವತ್ತು ಚಿಲ್ಲರೆ ಕಿ.ಮೀ. ದೂರದ ಊಡ್ನಡಾಟಾಕ್ಕೆ ಹೋಗಿ ಕೇಳಿದ. ನಮ್ಮ ಅಳತೆಯದು ಅಲ್ಲಿರಲಿಲ್ಲ. ಹೆದ್ದಾರಿ ಮೇಲಿನ ಊರಾದ ಕೂಬರ್ ಪೀಡಿಯಿಂದ ಆಗ ವಾರಕ್ಕೆ ಎರಡು ಸಲ ಬರುತ್ತಿದ್ದ ಅಂಚೆ ಗಾಡಿಯಲ್ಲಿ ಅದು ಸೋಮವಾರ ಬಂತು. ಮೂರು ರಾತ್ರಿ ನೀಲ್ಸ್ ನದಿಯ ಮಡುವಿನ ದಂಡೆಯಲ್ಲಿ ಕಳೆದೆವು. ಯಾರೂ ಯಾರನ್ನೂ ಬೈಯಲಿಲ್ಲ, ಆದರೆ ಮೊದಲ ದಿನ ಯಾರೂ ಸರಿಯಾಗಿ ಮಾತಾಡಲೂ ಇಲ್ಲ. ಸೋಮವಾರದ ಕೆಲಸ ತಪ್ಪಿಸಿಕೊಂಡ ಗೆಳೆಯನ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇದ್ದಿದ್ದರೆ ಪ್ರತಿ ಹಳ್ಳದ ಮುಂದೆ ಹದಿನೈದು ನಿಮಿಷ ನಿಂತು ಚಕ್ರ ಆರಲು ಬಿಡುತ್ತಿದ್ದೆ. ಗಾಡಿಗೆ ಏನೆಲ್ಲ ಹೊಸದಾಗಿ ಹಾಕಿಸಬೇಕೆಂದು ತಿಂಗಳುಗಟ್ಟಲೆ ಚರ್ಚಿಸಿದ್ದ ನಾವು, ಎಷ್ಟು ದಿನ ಬೇಕೆಂದು ಐದು ನಿಮಿಷವೂ ಮಾತಾಡಿರಲಿಲ್ಲ.

ದಿನದ ಲೆಕ್ಕವನ್ನು ಆ ದಾರಿಯೇ ಹೇಳಿಕೊಡುತ್ತದೆ. ಅದು ಇರುವುದೇ ಒರತೆಗಳ ಸಾಲಿನ ಮೇಲೆ. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದಡಿ ಹರಡಿರುವ ಗ್ರೇಟ್ ಆರ್ಟೀಸಿಯನ್ ಬೇಸಿನ್‌ನ ನೀರು ಇಲ್ಲಿ ಮಣ್ಣಿನ ದಿಬ್ಬಗಳ ತಲೆಯಲ್ಲಿ ಉಕ್ಕುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನ ಒರತೆಯಿಂದ ಒರತೆಗೆ ನಡೆದು ವ್ಯಾಪಾರ ಮಾಡುತ್ತಿದ್ದ ಹಾದಿ ಇದು. ಅನ್ವೇಷಕ ಜಾನ್ ಮೆಕ್‌ಡೂಆಲ್ ಸ್ಟುವರ್ಟ್ ಉತ್ತರದ ಕಡಲಿಗೆ ಹೋದದ್ದು ಇದೇ ನೀರನ್ನು ನಂಬಿ. 1872ರಲ್ಲಿ ಮುಗಿದ ಟೆಲಿಗ್ರಾಫ್ ತಂತಿಯೂ ಇದೇ ಸಾಲನ್ನು ಹಿಡಿಯಿತು. ಅಡಿಲೇಡ್‌ನ ಸುದ್ದಿ ಡಾರ್ವಿನ್, ಸಿಂಗಪುರ, ನಮ್ಮ ಮದರಾಸು ದಾಟಿ ಲಂಡನ್ ಮುಟ್ಟುತ್ತಿದ್ದುದು ಆ ತಂತಿಯಿಂದ. ಆಮೇಲೆ ಬಂದ ಉಗಿಬಂಡಿಗೂ ನೀರು ಬೇಕಿತ್ತು. ಹಳೇ ಗ್ಯಾನ್ ರೈಲು 1980ರವರೆಗೆ ಇಲ್ಲೇ ಓಡಿತು. ಆ ಹೆಸರು ಬಂದದ್ದು ಒಂಟೆ ಹೊಡೆಯುತ್ತಿದ್ದ ಅಫಘಾನರಿಂದ ಎನ್ನುತ್ತಾರೆ. ಹಾಗೆ ಕರೆಸಿಕೊಂಡವರಲ್ಲಿ ಈಗಿನ ಪಾಕಿಸ್ತಾನ, ಭಾರತದ ಕಡೆಯವರೂ ಇದ್ದರು. ಮರೀಯಲ್ಲಿ ಅವರ ಮಣ್ಣಿನ ಮಸೀದಿಯ ಮಾದರಿ ಇದೆ, ಮಕ್ಕಳಿಗೆ ತೋರಿಸಿ.

ಆದ್ದರಿಂದ ನೀವೂ ನೀರಿನಿಂದ ನೀರಿಗೆ ಹೋಗಿ. ಮರೀಯಿಂದ ಕವರ್ಡ್ ಸ್ಪ್ರಿಂಗ್ಸ್ ಸುಮಾರು 130 ಕಿ.ಮೀ., ಒಂದು ದಿನಕ್ಕೆ ಅಷ್ಟೇ ಸಾಕು. ದಾರಿಯಲ್ಲಿ ಬಬ್ಲರ್ ಅನ್ನುವ ಒರತೆಯ ಮುಂದೆ ಅರ್ಧ ಗಂಟೆ ಕೂರಿ. ತಳದ ಮರಳು ಗಂಜಿ ಕುದಿಯುವ ಹಾಗೆ ಗುಳುಗುಳು ಮೇಲೇಳುತ್ತದೆ, ನೀರು ಮಾತ್ರ ಕುದಿಯುತ್ತಿರುವುದಿಲ್ಲ. ಅದು ಲಕ್ಷಾಂತರ ವರ್ಷಗಳ ಹಿಂದೆ ಬಿದ್ದ ಮಳೆ ಎಂದು ಹೇಳಿದಾಗ ನನ್ನ ಮಗಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಖರ್ಜೂರದ ಮರಗಳಿವೆ, ಉಗುರುಬೆಚ್ಚಗಿನ ನೀರಿನ ತೊಟ್ಟಿ ಇದೆ. ಎರಡು ರಾತ್ರಿ ಇರಿ. ಅಲ್ಲಿಂದ ವಿಲಿಯಂ ಕ್ರೀಕ್ ಎಪ್ಪತ್ತೈದು ಕಿ.ಮೀ. ಆಚೆಗೆ ಊಡ್ನಡಾಟಾ ಇನ್ನೂರು, ಮಾರ್ಲಾ ಮತ್ತೆ ಇನ್ನೂರ ಹತ್ತು. ಇಂಧನ ಸಿಗುವುದು ಮರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ, ನಾಲ್ಕೇ ಕಡೆ. ಟ್ರೇಲರ್ ಎಳೆಯುವ ಗಾಡಿ ಎಷ್ಟು ಕುಡಿಯುತ್ತದೆಂದು ಮೊದಲ ದಿನವೇ ಲೆಕ್ಕ ಇಡಿ, ಸಿಕ್ಕ ಕಡೆಯೆಲ್ಲ ಟ್ಯಾಂಕ್ ತುಂಬಿಸಿ. ರಜೆ ಆರೇ ದಿನ ಅಂದರೆ ವಿಲಿಯಂ ಕ್ರೀಕ್‌ನಿಂದ 166 ಕಿ.ಮೀ. ಮಣ್ಣುರಸ್ತೆಯಲ್ಲಿ ಕೂಬರ್ ಪೀಡಿಗೆ ಹೊರಳಿ ಡಾಂಬರು ಸೇರಿಬಿಡಿ. ಅರ್ಧ ಟ್ರ್ಯಾಕ್ ನೋಡಿದರೂ ನೋಡಿದ್ದೇ.

ಈಗ ಟ್ರೇಲರ್. ಬಾಡಿಗೆ ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಗೆ ಅನುಮತಿ ಇದೆಯೇ ಎಂದು ಮೊದಲು ಓದಿ. 'ಆಫ್ ರೋಡ್' ಎಂದು ಮೈಮೇಲೆ ಬರೆದಿದ್ದರೂ ಕರಾರಿನಲ್ಲಿ ಇಲ್ಲದಿದ್ದರೆ ವಿಮೆ ಸಿಗುವುದಿಲ್ಲ. ಮೂರು ಕುಟುಂಬಕ್ಕೆ ಒಂದೇ ಟ್ರೇಲರ್ ಅಂದಮೇಲೆ ಅದನ್ನು ಒಬ್ಬರ ಮಲಗುವ ಕೋಣೆ ಮಾಡಬೇಡಿ, ಎಲ್ಲರ ಅಡುಗೆಮನೆ ಮಾಡಿ. ಚಿಕ್ಕ ಮಕ್ಕಳಿರುವವರು ಅದರಲ್ಲಿ ಮಲಗಲಿ, ಉಳಿದವರಿಗೆ ಡೇರೆ. ಬಟ್ಟೆಯ ನೆಲದ ಟ್ರೇಲರ್ ಹಗುರ, ಆದರೆ ಬಿಡಿಸಿ ನಿಲ್ಲಿಸುವಷ್ಟರಲ್ಲಿ ಕತ್ತಲಾಗುತ್ತದೆ. ಗಟ್ಟಿ ನೆಲದ್ದು ಭಾರ, ಬೇಗ ಬಿಚ್ಚಿಕೊಳ್ಳುತ್ತದೆ. ದಿನವೂ ಜಾಗ ಬದಲಿಸುವವರಿಗೆ ಗಟ್ಟಿ ನೆಲದ್ದೇ ಮೇಲು ಅನ್ನುವುದು ನನ್ನ ಅನುಭವ. ಚಕ್ರದ ಬೋಲ್ಟುಗಳ ಅಳತೆ ನಿಮ್ಮ ಗಾಡಿಯದಕ್ಕೆ ಹೊಂದಿದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಒಂದು ಜೊತೆ ಬೇರಿಂಗ್, ಸೀಲ್, ಒಂದು ಡಬ್ಬಿ ಗ್ರೀಸ್ ತಪ್ಪದೆ ಒಯ್ಯಿರಿ. ನಿಂತಾಗಲೆಲ್ಲ ಹಬ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ.

ರಸ್ತೆ ಬಹಳ ಕಡೆ ಮಾಡಿನ ಸುಕ್ಕು ತಗಡಿನ ಮೇಲೆ ಓಡಿಸಿದ ಹಾಗಿರುತ್ತದೆ. ಮಣ್ಣಿಗಿಳಿದ ಕೂಡಲೇ ಗಾಡಿಯ ಟೈರಿನ ಗಾಳಿಯನ್ನು 28 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟ್ರೇಲರ್‌ನ ಟೈರನ್ನು ಬಹಳ ಜನ ಮರೆಯುತ್ತಾರೆ, ಅದರದೂ ಇಳಿಸಬೇಕು. ಗಾಳಿ ಇಳಿಸಿದಮೇಲೆ ವೇಗವೂ ಇಳಿಯಬೇಕು, 60-70 ಸಾಕು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ: ಗಾಡಿಯ ಹಿಂದಿನ ಚಕ್ರ ಎರಚಿದ ಕಲ್ಲು ಟ್ರೇಲರ್‌ನ ಮೂತಿಗೆ ಬಡಿದು ಚಿಮ್ಮಿ ನಿಮ್ಮದೇ ಹಿಂಬದಿಯ ಗಾಜು ಒಡೆಯುತ್ತದೆ. ಟ್ರೇಲರ್‌ನ ಮುಂದೆ ಕಲ್ಲು ತಡೆಯುವ ಬಲೆ ಇಲ್ಲದಿದ್ದರೆ ಗಾಜಿಗೆ ದಪ್ಪ ರಟ್ಟು ಅಂಟಿಸಿ.

ಗೆಳೆಯರ ಜೊತೆ ಸಾಲಾಗಿ ಹೋಗುವಾಗ ಟ್ರೇಲರ್ ಗಾಡಿ ಮುಂದಿರಲಿ. ಎಲ್ಲರ ವೇಗವನ್ನೂ ಅದೇ ನಿರ್ಧರಿಸುತ್ತದೆ, ಅಡುಗೆ ಸಾಮಾನಿಗೆ ಮುಂದಿನವರ ಧೂಳು ಸೇರುವುದಿಲ್ಲ, ಏನಾದರೂ ಕಳಚಿ ಬಿದ್ದರೆ ಹಿಂದಿನವರ ಕಣ್ಣಿಗೆ ಬೀಳುತ್ತದೆ. ಧೂಳು ಅಡಗುವಷ್ಟು ಅಂತರ ಬಿಡಿ, ಗಾಳಿ ಇಲ್ಲದ ದಿನ ಅದು ಒಂದು ಕಿ.ಮೀ. ದಾಟಬಹುದು. ಪ್ರತಿ ತಿರುವಿನಲ್ಲೂ ಹಿಂದಿನ ಗಾಡಿ ಕಾಣುವವರೆಗೆ ನಿಲ್ಲುವುದು ಮುಂದಿನವರ ಹೊಣೆ. ಮೂರೂ ಗಾಡಿಯಲ್ಲಿ ಯುಎಚ್‌ಎಫ್ ರೇಡಿಯೋ ಇರಲಿ. ರೋಡ್ ಟ್ರೇನ್ (ಹಲವು ಟ್ರೇಲರ್ ಎಳೆಯುವ ಭಾರಿ ಲಾರಿ) ಚಾಲಕರು ಮಾತಾಡುವುದು 40ನೇ ಚಾನೆಲ್‌ನಲ್ಲಿ, ನಿಮ್ಮ ಹರಟೆಗೆ ಬೇರೆ ಚಾನೆಲ್ ಇಟ್ಟುಕೊಳ್ಳಿ. ಊರು ಬಿಟ್ಟರೆ ಮೊಬೈಲ್ ನೆಚ್ಚಬೇಡಿ. ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಗುತ್ತದೆ, ಜೊತೆಗೆ ಅಪಾಯದಲ್ಲಿ ಸಹಾಯದ ಸಂಕೇತ ಕಳಿಸುವ ತುರ್ತು ಬೀಕನ್ ಒಂದಿರಲಿ. ಹೊರಡುವ ಮೊದಲೇ ಎಲ್ಲರೂ ಕೂತು ಒಂದು ಮಾತಿಗೆ ಒಪ್ಪಿಕೊಳ್ಳಿ: ಮೂರು ಗಾಡಿಯವರಲ್ಲಿ ಯಾರೊಬ್ಬರು "ಸಾಕು" ಅಂದರೂ ಅವತ್ತಿನ ಓಟ ಅಲ್ಲಿಗೆ ಮುಗಿಯಿತು, ಯಾಕೆ ಏನು ಎಂದು ಕೇಳುವಂತಿಲ್ಲ. ನಮ್ಮಲ್ಲಿ ಹಿರಿಯರಾದ ಅಕ್ಕ ಶನಿವಾರ ಬೆಳಿಗ್ಗೆಯೇ "ಯಾಕಪ್ಪಾ ಇಷ್ಟು ಓಡ್ತಿದ್ದೀರಿ" ಅಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನೀರು ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ಇಡಿ. ಎಲ್ಲವನ್ನೂ ಟ್ರೇಲರ್ ಟ್ಯಾಂಕಿಗೇ ತುಂಬಬೇಡಿ. ಒಂದು ಕಲ್ಲು ಪೈಪಿಗೆ ತಗುಲಿದರೆ ಎಲ್ಲರ ನೀರೂ ಹೋಯಿತು, ಮೂರೂ ಗಾಡಿಯಲ್ಲಿ ಕ್ಯಾನ್‌ಗಳಿರಲಿ. ಊಟಕ್ಕೆ ನಮ್ಮ ತಿಂಡಿಗಳಷ್ಟು ಒಗ್ಗುವುದು ಬೇರೆ ಇಲ್ಲ. ತೆಳು ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ, ಹುರಿದ ಶೇಂಗಾ ಕಲಸಿದರೆ ಒಲೆಯೂ ಬೇಡ, ನೀರೂ ಬೇಡ, ತೊಳೆಯಲು ಪಾತ್ರೆಯೂ ಕಡಿಮೆ. ಹುರಿಹಿಟ್ಟು, ಖಡಕ್ ರೊಟ್ಟಿ, ಪುಳಿಯೋಗರೆ ಗೊಜ್ಜು ವಾರಗಟ್ಟಲೆ ಕೆಡುವುದಿಲ್ಲ. ನಾವು ಸಿಕ್ಕಿಬಿದ್ದ ಆ ಮೂರು ದಿನ ಹಸಿವು ಅಂತ ಯಾರೂ ಅನ್ನಲಿಲ್ಲ, ಗದಗಿನಿಂದ ಅವ್ವ ಕಳಿಸಿದ್ದ ರೊಟ್ಟಿ ಗಂಟು ಜೊತೆಗಿತ್ತು. ಮೆಲ್ಬರ್ನ್‌ನಿಂದ ಯಾರಾದರೂ ಬಂದು ಸೇರುವುದಿದ್ದರೆ ಹಣ್ಣು ತರಬೇಡಿ ಅನ್ನಿ. ಮಿಲ್ಡುರಾ ದಾರಿಯಲ್ಲಿ ಬಂದರೆ ಹಣ್ಣುನೊಣದ ಭಯದಿಂದ ಯಾಂಬಾ ತಪಾಸಣಾ ಕೇಂದ್ರದಲ್ಲಿ ತೆಗೆದುಬಿಡುತ್ತಾರೆ. ಜುಲೈ ರಾತ್ರಿಗಳು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ, ಮಕ್ಕಳಿಗೆ ಉಣ್ಣೆ ಟೋಪಿ ಮರೆಯಬೇಡಿ.

ಮಳೆ ಬಂದರೆ ನಿಲ್ಲಿ. ಒದ್ದೆಯಾದ ಆ ಮಣ್ಣು ನಮ್ಮ ಕಡೆಯ ಎರೆಮಣ್ಣಿನ ಅಣ್ಣತಮ್ಮ, ಚಕ್ರಕ್ಕೆ ಮೆತ್ತಿ ಬ್ರೇಕಿನವರೆಗೂ ತುಂಬಿಕೊಳ್ಳುತ್ತದೆ. ರಸ್ತೆ ಮುಚ್ಚಿದೆ ಎಂಬ ಬೋರ್ಡ್ ದಾಟಿದರೆ ದೊಡ್ಡ ದಂಡ ಬೀಳುತ್ತದೆ, ನೀವು ಕೊರೆದ ಗುಂಡಿ ಆ ಸೀಮೆಯವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೊನೆಗೆ ಲೇಕ್ ಏರ್, ಕಾಟಿ ತಾಂಡಾ ಅನ್ನುವುದು ಅದರ ಮೂಲ ಹೆಸರು. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ, ಆಸ್ಟ್ರೇಲಿಯಾದಲ್ಲೇ ಅತಿ ತಗ್ಗಿನ ಜಾಗ. ಅರಬಾನಾ ಜನರಿಗೆ ಪವಿತ್ರವಾದದ್ದು, 2012ರಲ್ಲಿ ಆ ನೆಲದ ಮೇಲೆ ಅವರ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು. ಉಪ್ಪಿನ ಮೇಲೆ ಗಾಡಿ ಇಳಿಸಬೇಡಿ. ವಿಲಿಯಂ ಕ್ರೀಕ್ ಪಕ್ಕದಿಂದ ಹ್ಯಾಲಿಗನ್ ಬೇಗೆ ಹೋಗುವ ಅರವತ್ತು ಚಿಲ್ಲರೆ ಕಿ.ಮೀ. ಹಾದಿಗೆ ಟ್ರೇಲರ್ ಒಯ್ಯಲೇಬೇಡಿ. 1998ರ ಡಿಸೆಂಬರ್‌ನಲ್ಲಿ ಅಲ್ಲಿ ಆಸ್ಟ್ರಿಯಾದ ಇಬ್ಬರು ಪ್ರವಾಸಿಗರ ಗಾಡಿ ಮರಳಲ್ಲಿ ಹೂತಿತು. ಸಹಾಯ ಹುಡುಕುತ್ತಾ ಇಬ್ಬರೂ ನಡೆದರು. ಗಾಡಿಯ ಬಳಿಗೆ ಹಿಂದಿರುಗಿದ ಗಂಡಸು ಬದುಕಿದ, ನಡೆಯುತ್ತಲೇ ಹೋದ ಹೆಂಗಸು ಬಿಸಿಲಿಗೆ ತೀರಿಕೊಂಡಳು. ದಾರಿಬದಿಯಲ್ಲಿ ಆಕೆಯ ನೆನಪಿನ ಗುರುತಿದೆ. ಅಲ್ಲಿ ಗಾಡಿ ನಿಲ್ಲಿಸಿ, ಏನೇ ಆದರೂ ಗಾಡಿ ಬಿಟ್ಟು ನಡೆಯಬಾರದು ಎಂಬುದನ್ನು ಮಕ್ಕಳಿಗೂ ಅರ್ಥವಾಗುವಂತೆ ಹೇಳಿ. ಟ್ರೇಲರ್ ವಿಲಿಯಂ ಕ್ರೀಕ್‌ನಲ್ಲೇ ಇರಲಿ, ಎರಡು ಗಾಡಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬನ್ನಿ, ಹೋಗುವ ಮುನ್ನ ಪಾರ್ಕ್ ಪಾಸ್ ವಿಚಾರಿಸಿಕೊಳ್ಳಿ.

ಬಾಡಿಗೆ ಟ್ರೇಲರ್ ಗೊತ್ತಾದಮೇಲೆ ಅದರ ಆಕ್ಸಲ್ ಭಾರ, ಹಬ್‌ನ ಅಳತೆ ಇಲ್ಲಿ ಬರೆಯಿರಿ. ಯಾವ ಬೇರಿಂಗ್ ಕೊಳ್ಳಬೇಕೆಂದು ನೋಡಿ ಹೇಳುತ್ತೇನೆ.