ಮೂಕಜ್ಜಿ ಬಗ್ಗೆ ಐದು ನಿಮಿಷ: ಬರೀ ಕಥಾಸಾರ ಆಗದಿರಲು

ಉಡುಪಿಯ ಸಭೆಯಲ್ಲಿ ಶಿವರಾಮ ಕಾರಂತರ ಒಂದು ಕಾದಂಬರಿ ಬಗ್ಗೆ ಐದು ನಿಮಿಷ ಮಾತಾಡಬೇಕು, ಬರೆದದ್ದೆಲ್ಲ ಬರೀ ಕಥಾಸಾರ ಆಗ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಪುಸ್ತಕ ಎದುರಿಗೆ ತೆರೆದಿಟ್ಟು ಅಧ್ಯಾಯದ ಕ್ರಮದಲ್ಲೇ ಬರೆಯುತ್ತಿದ್ದೀರಿ ಅಂತ ಕಾಣ್ತದೆ. ‘ಮೂಕಜ್ಜಿಯ ಕನಸುಗಳು’ ಬಗ್ಗೆ ನೀವು ಬರೆದದ್ದೆಲ್ಲ ಕಥಾಸಾರ ಆಗುವುದು ಹೆಚ್ಚಾಗಿ ಅದರಿಂದಲೇ.

ಮೊದಲು ಪುಸ್ತಕ ಮುಚ್ಚಿ, ನೆನಪಿನಿಂದ ಹತ್ತು ಸಾಲು ಗೀಚಿ. ಅದರಲ್ಲಿ ಒಂದನ್ನು ಆರಿಸಿ, ಆಮೇಲೆ ಆ ಪುಟ ಹುಡುಕಿ. ಉದಾಹರಣೆಗೆ, ಅಜ್ಜಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಅದರ ಹಿಂದಿನದ್ದನ್ನೆಲ್ಲ ಕಾಣುವ ಜಾಗ. ಅಲ್ಲಿ ‘ಅದ್ಭುತ’ ಅನ್ನಬೇಡಿ. ನೀವು ನಂಬಿದಿರಾ, ಮೊಮ್ಮಗ ಸುಬ್ಬರಾಯನ ಹಾಗೆ ಪ್ರಶ್ನೆ ಎದ್ದಿತಾ, ಬೇಜಾರಾಗಿ ಪುಟ ಹಾರಿಸಿದಿರಾ, ಅದನ್ನು ಹೇಳಿ. ಹಾರಿಸಿದ್ದನ್ನು ಒಪ್ಪಿಕೊಂಡರೆ ಜನ ಕಿವಿಗೊಡುತ್ತಾರೆ. ಪುಸ್ತಕದಿಂದ ಎರಡು ಮೂರು ಸಾಲು ಓದಿದರೆ ಸಾಕು.

ಕಥೆಗೆ ನಾಲ್ಕು ವಾಕ್ಯ. ಸಭೆಯಲ್ಲಿ ಎಷ್ಟು ಮಂದಿ ಓದಿದ್ದಾರೆ ಅಂತ ನೀವು ಬರೆದಿಲ್ಲ. ಯಾರೂ ಓದಿರದಿದ್ದರೆ ಎಂಟು ಮಾಡಿ. 1968ರ ಕಾದಂಬರಿ, 1977ರ ಜ್ಞಾನಪೀಠ, ಕೋಟದ ಕಾರಂತರು ಅಂತೆಲ್ಲ ಉಡುಪಿಯವರಿಗೆ ಹೇಳಿಕೊಡುವುದು ಬೇಡ ಮಾರಾಯ್ರೆ, ಅರ್ಧ ನಿಮಿಷ ಅಲ್ಲೇ ಹೋಗ್ತದೆ.

ಕೊನೆಗೆ ಮೊಬೈಲಿನಲ್ಲಿ ಟೈಮರ್ ಇಟ್ಟು ಗಟ್ಟಿಯಾಗಿ ಓದಿ. ನಾಲ್ಕೂವರೆ ನಿಮಿಷ ದಾಟಿದರೆ ಕಥೆಯ ಭಾಗದಿಂದಲೇ ಕತ್ತರಿಸಿ.