ಹಳೆಯ ಕಮಾಂಡ್ ತೆಗೆಯುವ ಮುನ್ನ

ಪ್ರಶ್ನೆ: ನಮ್ಮದು ಏಳು ಜನರ ಸಾಫ್ಟ್‌ವೇರ್ ತಂಡ. ಸ್ಪ್ರಿಂಟ್ ಪ್ಲಾನಿಂಗ್‌ಗೆ, ಅಂದರೆ ಮುಂದಿನ ಕೆಲವು ವಾರಗಳ ಕೆಲಸ ಹಂಚಿಕೊಳ್ಳಲು, ನಾವೇ ಬರೆದುಕೊಂಡ ಪುಟ್ಟ ಟೂಲ್ ಇದೆ. ಅದರಲ್ಲಿ 'ಮೇಕ್-ಪ್ಲಾನ್' ಹಳೆಯ ಕಮಾಂಡ್. ಹೋದ ವರ್ಷ 'ಪ್ಲಾನ್' ಅಂತ ಹೊಸದು ಬರೆದೆವು, ಯಾವ ಕೆಲಸ ಮುಗಿದ ಮೇಲೆ ಯಾವುದು ಅಂತಲೂ ಅದು ನೋಡಿಕೊಳ್ಳುತ್ತದೆ. ಹಳೆಯದನ್ನು ತೆಗೆಯೋಣ ಎಂದರೆ ಇಬ್ಬರು ಬೇಡ ಅನ್ನುತ್ತಿದ್ದಾರೆ. ಎರಡೂ ಇದ್ದರೆ ಏನು ತೊಂದರೆ?
– ಓದುಗರು, ಹುಬ್ಬಳ್ಳಿ

ಉತ್ತರ: ತೊಂದರೆ ಇದೆ. ರೀಡ್‌ಮಿಯಲ್ಲಿ (ಟೂಲ್ ಬಳಸುವುದು ಹೇಗೆ ಅಂತ ಬರೆದಿಟ್ಟ ಫೈಲ್) ಹಳೆಯದೇ ಮೊದಲು ಕಂಡರೆ ಹೊಸದಾಗಿ ಸೇರಿದವರು ಅದನ್ನೇ ಹಿಡಿಯುತ್ತಾರೆ. ಈಗಂತೂ ಎಐ ಸಹಾಯಕಗಳೂ ಅದೇ ಫೈಲ್ ಓದಿ ಅದೇ ಕಮಾಂಡ್ ಓಡಿಸುತ್ತವೆ. ಒಂದೇ ತಂಡದಲ್ಲಿ ಎರಡು ಥರದ ಪಟ್ಟಿ ಆದರೆ ಮೀಟಿಂಗ್ ಪೂರ್ತಿ ಅವನ್ನು ಹೊಂದಿಸುವುದರಲ್ಲೇ ಹೋಗುತ್ತದೆ, ಅಲ್ವಾ? ತೆಗೆಯಿರಿ. ಆದರೆ ಬೇಡ ಅನ್ನುವ ಆ ಇಬ್ಬರ ಜೊತೆ ಮೊದಲು ಕೂತು ಮಾತಾಡಿ. ಅವರು ಅದನ್ನು ಎಲ್ಲೋ ಬಳಸುತ್ತಿರುತ್ತಾರೆ.

ಹಿಂದೆ ನಾನಿದ್ದ ಒಂದು ತಂಡದಲ್ಲಿ ಇಂಥದ್ದೇ ಹಳೆಯ ಕಮಾಂಡ್ ಒಂದಿತ್ತು. 'ಇದನ್ನು ಯಾರೂ ಬಳಸಲ್ಲ' ಅಂತ ಎಲ್ಲರೂ ಹೇಳಿದರು, ಶುಕ್ರವಾರ ಸಂಜೆ ಅಳಿಸಿಬಿಟ್ಟೆವು. ಮನುಷ್ಯರು ಯಾರೂ ಬಳಸುತ್ತಿರಲಿಲ್ಲ, ನಿಜ. ಆದರೆ ಹಳೆಯ ಸರ್ವರ್‌ನಲ್ಲಿ ಒಂದು ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಪ್ರತಿ ಸೋಮವಾರ ಬೆಳಗ್ಗೆ ಅದನ್ನು ಕರೆಯುತ್ತಿತ್ತು, ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಎರರ್ ಮೇಲ್ ಅವರ ಮುಚ್ಚಿದ ಇನ್‌ಬಾಕ್ಸ್‌ಗೆ ಹೋಗುತ್ತಿತ್ತು. ಎರಡು ವಾರ ಹಳೆಯ ಪಟ್ಟಿ ನೋಡಿಯೇ ಕೆಲಸ ಹಂಚಿದೆವು.

ಹಾಗಾಗಿ ಮೊದಲು ಹುಡುಕಿ. ಕೋಡ್, ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಫೈಲುಗಳು, ಕ್ರಾನ್, ವಿಕಿ, ಎಲ್ಲ ಕಡೆ. ಆಮೇಲೆ ಹಳೆಯ ಕಮಾಂಡ್ ಓಡಿದಾಗಲೆಲ್ಲ ಯಾವ ಮಷೀನ್‌ನಿಂದ ಬಂತು ಅಂತ ಲಾಗ್‌ನಲ್ಲಿ ಒಂದು ಸಾಲು ಬರೆಯಲಿ. ಒಂದು ತಿಂಗಳಾದರೂ ಬಿಡಿ, ತಿಂಗಳ ಕೊನೆಗೆ ಮಾತ್ರ ಓಡುವ ಸ್ಕ್ರಿಪ್ಟ್ ಇದ್ದರೆ ಆಗಲೇ ಸಿಗುವುದು.

ಜೊತೆಗೆ ಎಚ್ಚರಿಕೆ ಕೊಡಿ: 'ಇದು ಹಳೆಯದು, ಬದಲಿಗೆ ಪ್ಲಾನ್ ಬಳಸಿ, ಸೆಪ್ಟೆಂಬರ್ 30ರ ನಂತರ ಓಡುವುದಿಲ್ಲ.' ಇಷ್ಟೇ ಸಾಕು. ಇದು ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಎಚ್ಚರಿಕೆ, ಎರರ್‌ಗಳಿಗೆಂದೇ ಇರುವ ಬೇರೆ ದಾರಿಗೆ, ಹೋಗಬೇಕು. ಮಾಮೂಲಿ ಔಟ್‌ಪುಟ್‌ಗೆ ಹೋದರೆ ಅದನ್ನು ಓದುವ ಇನ್ನೊಂದು ಸ್ಕ್ರಿಪ್ಟ್ ಈ ಸಾಲನ್ನೂ ಒಂದು ಕೆಲಸ ಅಂತ ಪಟ್ಟಿಗೆ ಸೇರಿಸಿಬಿಡುತ್ತದೆ. ಮತ್ತೆ, ದಿನಾಂಕ ಬೇಕೇ ಬೇಕು. ಫೈಲುಗಳಲ್ಲಿ ಪದ ಹುಡುಕುವ ಗ್ನೂ ಗ್ರೆಪ್ ಟೂಲ್‌ನವರು ಅದರ 'ಈಗ್ರೆಪ್' ಕಮಾಂಡ್ ಹಳೆಯದಾಯಿತು ಅಂತ 2007ರಲ್ಲೇ ಬರೆದಿದ್ದರು, ಆದರೆ ಓಡಿಸಿದಾಗ ಎಚ್ಚರಿಕೆ ಕಾಣಿಸತೊಡಗಿದ್ದು 2022ರ 3.8 ಆವೃತ್ತಿಯಲ್ಲಿ. ನಡುವಿನ 15 ವರ್ಷ ಜನ ಅದನ್ನೇ ಬರೆಯುತ್ತಾ ಹೋದರು. ಡಾಕ್ಯುಮೆಂಟ್‌ನಲ್ಲಿ ಸುಮ್ನೆ ಬರೆದಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ಹಳೆಯ ಹೆಸರನ್ನು ಹೊಸದಕ್ಕೆ ಅಲಿಯಾಸ್ ಮಾಡಿಬಿಟ್ಟರೆ, ಅಂದರೆ ಹಳೆಯ ಹೆಸರು ಕೊಟ್ಟರೂ ಹೊಸದೇ ಓಡುವ ಹಾಗೆ ಮಾಡಿದರೆ, ಆಗಲ್ವಾ?

ಉತ್ತರ: ಎರಡೂ ಒಂದೇ ಫಲಿತಾಂಶ ಕೊಡುತ್ತಿದ್ದರೆ ಆಗುತ್ತಿತ್ತು. ನಿಮ್ಮ ಹೊಸ ಕಮಾಂಡ್ ಕೆಲಸಗಳ ಕ್ರಮವನ್ನೇ ಬದಲಿಸುತ್ತದೆ. ಹಳೆಯ ಹೆಸರಿನಲ್ಲಿ ಹೊಸ ಕ್ರಮ ಬಂದರೆ ಯಾರಿಗೂ ಗೊತ್ತಾಗದಂತೆ ಪ್ಲಾನ್ ತಪ್ಪುತ್ತದೆ, ಎರರ್ ಕೂಡ ಬರುವುದಿಲ್ಲ. ಅದಕ್ಕಿಂತ ಗಡುವು ಮುಗಿದ ದಿನ ಕಮಾಂಡ್ ನಿಂತುಹೋಗಲಿ, ಆದರೆ ಹೆಸರು ಉಳಿಯಲಿ. ಯಾರಾದರೂ ಓಡಿಸಿದರೆ ಹೊಸ ಹೆಸರು ಹೇಳಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ಕೆಲಸ ಆಗಲಿಲ್ಲ ಅಂತ ತಿಳಿಸುವ ಸಂಖ್ಯೆ) ಕೊಟ್ಟು ಹೊರಬರಲಿ. ಆಗ ಸಿಐ ಕೆಂಪಾಗುತ್ತದೆ, ಯಾರಾದರೂ ನೋಡುತ್ತಾರೆ. ರೀಡ್‌ಮಿಯನ್ನು ಮಾತ್ರ ಇವತ್ತೇ ತಿದ್ದಿ.