ಕಾಲದ ಕೈಗೆ ಮೊರ ಕೊಟ್ಟವರು ಯಾರು?

ಸೇಡಂ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: “ಪ್ರತಿ ಸಂಚಿಕೆಯಲ್ಲೂ ನಾಲ್ಕು ಪುಟಗಳನ್ನು ಹೊಸ ಕನ್ನಡ ಪುಸ್ತಕಗಳಿಗೆ ಮೀಸಲಿಡುತ್ತೀರಲ್ಲ, ಏಕೆ? ನಾನು ಹತ್ತು ವರ್ಷಗಳಿಂದ ಹೊಸ ಕಾದಂಬರಿಯನ್ನಾಗಲಿ ಕವನ ಸಂಕಲನವನ್ನಾಗಲಿ ಕೊಂಡಿಲ್ಲ. ಟಾಲ್‌ಸ್ಟಾಯ್, ಚೆಕಾವ್ ಅನುವಾದದಲ್ಲಿ ಸಿಗುತ್ತಾರೆ; ನಮ್ಮವರಲ್ಲಿ ಕುವೆಂಪು, ಕಾರಂತರು ಸಾಕು. ಈಗ ಬರುತ್ತಿರುವುದರಲ್ಲಿ ಕಾಳೆಷ್ಟು, ಹೊಟ್ಟೆಷ್ಟು? ಕಾಲವೇ ಕೇರಿ ಹಸನು ಮಾಡಲಿ, ಉಳಿದದ್ದನ್ನು ಓದಿದರಾಯಿತು.”

ಗುರುಗಳೇ, ಹೊಟ್ಟಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಬಿಡುಗಡೆಯ ದಿನ ಶಾಲು ಹೊದಿಸಿಕೊಳ್ಳುವುದಕ್ಕೆಂದೇ ಅಚ್ಚಾದ ಪುಸ್ತಕಗಳು ನಮ್ಮ ಕಚೇರಿಯ ಮೇಜಿನ ಮೇಲೂ ರಾಶಿ ಬಿದ್ದಿವೆ, ಅವುಗಳ ಮುನ್ನುಡಿಗಳನ್ನು ಓದುವುದೇ ಒಂದು ಶಿಕ್ಷೆ. ಟಾಲ್‌ಸ್ಟಾಯ್ ದೊಡ್ಡವನೆಂಬುದನ್ನು ಅಲ್ಲಗಳೆಯುವವನೂ ನಾನಲ್ಲ.

ಆದರೆ “ಕೇರಿ ಹಸನು ಮಾಡಲಿ” ಎಂಬ ಮಾತಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ನಿಮ್ಮ ಮನೆಯಲ್ಲಿ ತೊಗರಿಯನ್ನು ಕೇರಿದವರು ಯಾರು? ನಿಮ್ಮ ತಾಯಿ ಕೇರಿರಬೇಕು, ಅಥವಾ ಅಕ್ಕ. ಕಾಲವಂತೂ ಬಂದು ಮೊರ ಹಿಡಿದು ಪಡಸಾಲೆಯಲ್ಲಿ ಕೂತಿರಲಾರದು. ವಚನಗಳ ಕಥೆ ನಿಮಗೆ ಗೊತ್ತಿರುವುದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ಆ ಮಾತುಗಳನ್ನು ಕಾಲಕ್ಕೆ ಬಿಟ್ಟಿದ್ದರೆ ತಾಳೆಗರಿಗಳೊಂದಿಗೆ ಗೆದ್ದಲಿಗೇ ಸೇರಿಹೋಗುತ್ತಿದ್ದವು, ಫ.ಗು. ಹಳಕಟ್ಟಿಯವರು ಊರೂರು ಅಲೆದು, ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದರಿಂದ ಅವು ನನ್ನ ನಿಮ್ಮ ಕೈಗೆ ಬಂದವು. ನೀವು ಕಾಲವೆಂದು ಕರೆಯುತ್ತಿರುವುದು ಇಂಥ ಓದುಗರನ್ನೇ.

ನಮ್ಮ ಪತ್ರಿಕೆಯಲ್ಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೊಸಬರೊಬ್ಬರ ಕಥೆಯನ್ನು ಪ್ರಕಟಿಸಿದ್ದೆವು. ಯುಗಾದಿಯ ದಿನ ನಾಯಕಿ ಹೂ ಬಿಟ್ಟ ತೊಗರಿ ಹೊಲದ ನಡುವೆ ನಿಂತು ಅಳುತ್ತಾಳೆ. ನಾನೇ ಅದನ್ನು ಮೂರು ಸಲ ಓದಿ, ಭಾಷೆ ಚೆನ್ನಾಗಿದೆಯೆಂದು ಮೆಚ್ಚಿಕೊಂಡಿದ್ದೆ. ಚಿತ್ತಾಪುರದ ಕಡೆಯ ಅಜ್ಜಿಯೊಬ್ಬರು ಮೊಮ್ಮಗನಿಂದ ಆ ಕಥೆಯನ್ನು ಓದಿಸಿ ಕೇಳಿ, ಅವನಿಂದಲೇ ಒಂದು ಕಾರ್ಡು ಬರೆಸಿದರು: “ಯುಗಾದಿಗಿ ತೊಗರಿ ಹೂ ಬಿಡ್ತದೇನ್ರಿ? ಆವಾಗ ಹೊಲದಾಗ ಕಟ್ಟಿಗಿನೂ ಇರಲ್ಲ. ನಿಮ್ಮ ಬರಿಯಾಂವಗ ಒಮ್ಮೆ ಹೊಲಕ್ಕ ಕರ್ಕೊಂಡು ಬರ್ರಿ.” ದೀಪಾವಳಿಯ ಆಸುಪಾಸಿಗೆ ಹೂ ಬಿಟ್ಟು, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಾಯಿ ಬಲಿತು, ಯುಗಾದಿಗೆ ಚೀಲ ಸೇರಿರುವ ಬೆಳೆಯದು. ಅಂಥ ಓದುಗರೊಬ್ಬರು ಸಿಕ್ಕಿದ್ದು ಆ ಕಥೆಗಾರರ ಭಾಗ್ಯವೆಂದೇ ನಾನು ತಿಳಿದಿದ್ದೇನೆ. ಟಾಲ್‌ಸ್ಟಾಯ್ ಹುಲ್ಲು ಕೊಯ್ಲನ್ನು ತಪ್ಪಾಗಿ ಬರೆದಿದ್ದರೂ ನಿಮಗೆ ಅದು ತಿಳಿಯಲಾರದು, ಅವನ ಮನೆಯಲ್ಲಿ ನೀವು ಬೀಗರು, ಬಡಿಸಿದ್ದನ್ನು ಉಣ್ಣಬೇಕು. ಶಹಾಬಾದಿನ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವವನ ಬಗ್ಗೆ ಇಂದಿನ ಕಾದಂಬರಿಕಾರನೊಬ್ಬ ಸುಳ್ಳು ಬರೆದರೆ ಅವನನ್ನು ಹಿಡಿಯಬಲ್ಲವರು ಈ ಸೀಮೆಯವರು ಮಾತ್ರ. ನೀವೇ ಓದದಿದ್ದರೆ ಅವನು ನಿಶ್ಚಿಂತೆಯಿಂದ ಬರೆಯುತ್ತಲೇ ಹೋಗುತ್ತಾನೆ, ಆಮೇಲೆ ಹೊಟ್ಟೆಂದು ನೀವೇ ದೂರುತ್ತೀರಿ.

ಇದು ನನ್ನ ಸ್ವಂತ ಸಿದ್ಧಾಂತವೂ ಅಲ್ಲ. ನಿಮ್ಮ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ, ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕವಿರಾಜಮಾರ್ಗವು “ಕನ್ನಡಂಗಳ್” ಎಂದು ಬಹುವಚನದಲ್ಲಿ ನುಡಿಯುತ್ತದೆ. ದೇಸಿ, ಅಂದರೆ ಆಯಾ ಸೀಮೆಯ ನುಡಿ, ಬೇರೆ ಬೇರೆಯಾಗಿರುವುದರಿಂದ ಅವುಗಳಲ್ಲಿನ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆನ್ನುತ್ತದೆ. ಸಾವಿರ ನಾಲಗೆಯವನಿಗೆ ಆಗದ ಕೆಲಸ ಆ ದೇಸಿಯಲ್ಲಿ ಹುಟ್ಟಿದವರಿಗೆ ಆಗುತ್ತದೆ, ನಮ್ಮ ಅಜ್ಜಿಗೆ ಒಂದು ಕಾರ್ಡಿನಲ್ಲಿ ಆದ ಹಾಗೆ. ನೀವು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರೆಂದು ಪತ್ರದಲ್ಲಿ ಬರೆದಿದ್ದೀರಿ. ನಿಮ್ಮಂಥವರೇ ಕೈಕಟ್ಟಿ ಕೂತರೆ ಹೇಗೆ?

ಕಲಬುರಗಿ ಜಿಲ್ಲೆಯ ಸವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ಇಲ್ಲಿಯ ಬಡವರ, ಹೆಣ್ಣುಮಕ್ಕಳ ಬಾಯಿಯ ಮಾತನ್ನೇ ಕಾದಂಬರಿಗೆ ತಂದರು. 2004ರಲ್ಲಿ ‘ಬದುಕು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಇದೇ ಕಲಬುರಗಿಯಲ್ಲಿ ಹಲವರು ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದಂತೆ ವರ್ತಿಸಿದ್ದನ್ನು ನಾನು ಕಂಡಿದ್ದೇನೆ. ರಾಯಚೂರು ಜಿಲ್ಲೆಯ ಕವಿ ಆರಿಫ್ ರಾಜಾ ಅವರಿಗೆ 2012ರಲ್ಲಿ ಅಕಾಡೆಮಿಯ ಯುವ ಪುರಸ್ಕಾರ ಬಂತು. ಅವರ ಒಂದು ಪದ್ಯವನ್ನಾದರೂ ಓದಿದ್ದೀರಾ ಎಂದು ಕೇಳಿದರೆ ನಮ್ಮ ಸಭೆ ಸಮಾರಂಭಗಳ ಎಷ್ಟು ಮಂದಿ ಅಧ್ಯಕ್ಷರು ಕೈ ಎತ್ತಿಯಾರು? ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಉರುಸಿಗೆ ತಪ್ಪದೆ ಹೋಗುವ ನಮ್ಮಲ್ಲಿ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳನ್ನು ಕುರಿತು ಬರೆದದ್ದನ್ನು ಓದಿದವರು ವಿರಳ. ಕಥೆ ಕವಿತೆಗೆ ಪುರಸೊತ್ತಿಲ್ಲವೆನ್ನುವವರು ಇಂಥ ಬರಹವನ್ನಾದರೂ ಮುಟ್ಟಬೇಕು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮ್ಮ ಕಚೇರಿಯ ಫೋನು ದಿನವಿಡೀ ರಿಂಗಣಿಸಿತು. ಎಲ್ಲರ ಪ್ರಶ್ನೆಯೂ ಒಂದೇ, ಪುಸ್ತಕ ಎಲ್ಲಿ ಸಿಗುತ್ತದೆ? ದೀಪಾ ಭಾಸ್ತಿಯವರು ಅನುವಾದಿಸಿದ ಆ 12 ಕಥೆಗಳು 1990ರಿಂದ 2023ರ ನಡುವೆ ಕನ್ನಡದಲ್ಲೇ ಬರೆದವು. ಅಷ್ಟು ವರ್ಷ ನಾವು ಕಾಲದ ಕೈಯಲ್ಲಿ ಮೊರ ಕೊಟ್ಟು ಕೂತಿದ್ದೆವು; ಕೇರಿ ಕೊಟ್ಟವರು ಲಂಡನ್ನಿನವರು. ನಾಚಿಕೆಯ ಸಂಗತಿಯೆಂದರೆ, ಅವರ ಒಂದು ಸಂಕಲನ ನನ್ನ ಕಪಾಟಿನಲ್ಲೇ ಇತ್ತು, ಧೂಳು ಒರೆಸಿ ತೆಗೆದೆ.

ಪುಸ್ತಕ ಸಿಗುವುದಾದರೂ ಎಲ್ಲಿ ಎಂದು ನೀವು ತಿರುಗಿ ಕೇಳಬಹುದು. ಬಸ್ ನಿಲ್ದಾಣದ ಅಂಗಡಿಗೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಗೋಡೆಯೇ ಎದುರಾಗುತ್ತದೆ. 2020ರ ಫೆಬ್ರುವರಿಯಲ್ಲಿ ಇಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಜನ ಮರುದಿನ ಎಲ್ಲಿ ಹೋದರೆಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಪಟ್ಟಣದಲ್ಲಿ ಮನೆಯಿರುವವರು ಆಸ್ತಿ ತೆರಿಗೆಯ ಜೊತೆಗೆ ಆ ತೆರಿಗೆಯ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಅಂದರೆ ಪುಸ್ತಕ ಕೊಳ್ಳುವುದಿಲ್ಲವೆನ್ನುವವರೂ ಪ್ರತಿ ವರ್ಷ ಪುಸ್ತಕಕ್ಕೆ ದುಡ್ಡು ಕೊಡುತ್ತಲೇ ಇದ್ದಾರೆ, ತಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ಈ ವರ್ಷದ ಹೊಸ ಕಾದಂಬರಿ ಯಾವುದು ತರಿಸಿದ್ದೀರೆಂದು ಕೇಳುವುದಿಲ್ಲ, ಅಷ್ಟೇ. ಕೇಳುವವರಿಲ್ಲದ ಕಡೆ ಕಪಾಟಿನ ಬೀಗದ ಕೈ ಕಳೆದುಹೋಗಿರುತ್ತದೆ. ಒಂದು ಪಟ್ಟಣದಲ್ಲಿ ನನಗೆ ಹಾಗೆಯೇ ಉತ್ತರ ಸಿಕ್ಕಿತ್ತು.

ನಿಮ್ಮ ವಿಳಾಸಕ್ಕೆ ಎರಡು ಹೊಸ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಒಂದು ಕಥಾಸಂಕಲನ, ಇನ್ನೊಂದು ಪದ್ಯಗಳದು. ಕಥೆಗಳಲ್ಲಿ ಎರಡು ಕಾಗಿಣಾ ದಂಡೆಯ ಹಳ್ಳಿಯವು. ಹೊಟ್ಟೆಂದು ಕಂಡದ್ದನ್ನೆಲ್ಲ ಪುಟ ಸಂಖ್ಯೆಯ ಸಹಿತ ಬರೆದು ಕಳಿಸಿ. ಆ ನಾಲ್ಕು ಪುಟಗಳಲ್ಲಿ ಒಂದನ್ನು ಮುಂದಿನ ಸಂಚಿಕೆಗೆ ನಿಮಗೆಂದೇ ಖಾಲಿ ಇಟ್ಟಿರುತ್ತೇನೆ.